ಗತ್ತು ಯಾರದು, ಸೊಕ್ಕು ಯಾರದು?

ಈ ಬೇಸಿಗೆಯಲ್ಲಿ ನಾವು ಎರಡು ಟೂರ್ನಮೆಂಟ್‌ಗಳ ಫೈನಲ್ ವರದಿ ಮಾಡಿದೆವು. ಒಂದು ದೇವದುರ್ಗ ತಾಲ್ಲೂಕಿನ ಹಳ್ಳಿಯಲ್ಲಿ, ಇನ್ನೊಂದು ಮಾನ್ವಿ ತಾಲ್ಲೂಕಿನಲ್ಲಿ. ಎರಡೂ ಟೆನಿಸ್ ಬಾಲ್ ಕ್ರಿಕೆಟ್. ಭತ್ತ ಕೊಯ್ದ ಗದ್ದೆ, ಟ್ರ್ಯಾಕ್ಟರ್ ಓಡಿಸಿ ಗಟ್ಟಿ ಮಾಡಿದ ಪಿಚ್, ಸುತ್ತ ಫ್ಲೆಕ್ಸ್, ಮೈಕಿನಲ್ಲಿ ಕಾಮೆಂಟರಿ. ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ.

ದೇವದುರ್ಗದ ಪಂದ್ಯದಲ್ಲಿ ಊರಿನ ದೊಡ್ಡ ಮನೆತನದ ಹುಡುಗನೊಬ್ಬ ರನ್ ಔಟ್ ಆದ. ಅಂಪೈರ್ ಆಗಿ ನಿಂತಿದ್ದವನು ಪಿಯುಸಿ ಓದುವ ಹುಡುಗ. ಔಟ್ ಕೊಟ್ಟಿದ್ದಕ್ಕೆ ಅವನ ಕಪಾಳಕ್ಕೆ ಏಟು ಬಿತ್ತು. ಹತ್ತು ನಿಮಿಷ ಆಟ ನಿಂತಿತು. 'ಆವೇಶದಾಗ ಹೊಡ್ದಾನ, ಬಿಡ್ರಪಾ' ಎಂದು ಹಿರಿಯರು ಸಮಾಧಾನ ಮಾಡಿದರು. ಸಂಜೆ ಉತ್ತಮ ಬ್ಯಾಟ್ಸ್‌ಮನ್ ಕಪ್ ಅದೇ ಹುಡುಗನಿಗೆ ಹೋಯಿತು. 'ಪ್ಲೇಯರ್ ಅಂದ್ರ ಹಿಂಗ ಗತ್ತು ಇರಬೇಕು' ಎಂದು ಮೈಕಿನಲ್ಲಿ ಹೇಳಿದರು.

ಮಾನ್ವಿಯಲ್ಲಿ ನಡೆದದ್ದು ಬೇರೆ. ಕಾಲೊನಿಯ ಹುಡುಗನೊಬ್ಬ ನಾಲ್ಕು ಪಂದ್ಯಗಳಲ್ಲಿ 187 ರನ್ ಹೊಡೆದ. ಅಷ್ಟು ರನ್ ಬೇರೆ ಯಾರೂ ಹೊಡೆದಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅವನು ಒಂದು ಮಾತು ಕೇಳಿದ: 'ನಮ್ಮ ಟೀಮಿಗೆ ಯಾಕ ಬ್ಯಾರೆ ಕಡೆ ಎಲೆ ಹಾಕೀರಿ?' ಬೈಯಲಿಲ್ಲ, ಕೈ ಎತ್ತಲಿಲ್ಲ. ಕೇಳಿದ, ಅಷ್ಟೇ. ಸಂಜೆ ಸರಣಿ ಶ್ರೇಷ್ಠ ಕಪ್ ಬೇರೆಯವರ ಪಾಲಾಯಿತು. ಕಮಿಟಿಯ ಹಿರಿಯರೊಬ್ಬರು ನಮ್ಮ ಕಿವಿಯಲ್ಲಿ ಹೇಳಿದರು: 'ಆಡ್ತಾನ ಖರೆ, ಆದ್ರ ಸೊಕ್ಕು ಭಾಳ ಅದ.'

ನಾವು ಎರಡೂ ಕಡೆ ಘೋಷಣೆಯಾದ ಬಹುಮಾನಗಳನ್ನಷ್ಟೇ ಬರೆದು ಕಳಿಸಿದೆವು. ಕಪಾಳದ ಏಟೂ ಇರಲಿಲ್ಲ, ಎಲೆಯ ಮಾತೂ ಇರಲಿಲ್ಲ. ಎರಡು ದಿನ ಬಿಟ್ಟು ಮಾನ್ವಿಯ ಆ ಹುಡುಗ ಫೋನ್ ಮಾಡಿದ. 'ಸರ, ಕಪ್ ಕೊಡದಿದ್ರ ಹೋಗ್ಲಿ. ರನ್ ಎಷ್ಟು ಹೊಡೆದೆ ಅಂತಾದ್ರೂ ಬರೀಬೇಕಿತ್ತಲ್ರಿ.'

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈ ಬರಹ ಅದಕ್ಕೇ.

ರಾಯಚೂರಿನ ತೀನ್ ಕಂದಿಲ್ ಹತ್ತಿರ ಚಹಾಕ್ಕೆ ಕೂತರೆ ನಮ್ಮ ಗೆಳೆಯರಲ್ಲಿ ಒಂದು ವಾದ ಯಾವಾಗಲೂ ಇರುತ್ತದೆ: ಎಲ್ಲರಿಗಿಂತ ದೊಡ್ಡ ಆಟಗಾರ ಯಾರು? ಒಬ್ಬ ದ್ರಾವಿಡ್ ಎನ್ನುತ್ತಾನೆ, 13,288 ಟೆಸ್ಟ್ ರನ್. ಇನ್ನೊಬ್ಬ ಕುಂಬ್ಳೆ ಎನ್ನುತ್ತಾನೆ, 619 ವಿಕೆಟ್. ವಯಸ್ಸಾದವರು ಜಿ.ಆರ್. ವಿಶ್ವನಾಥ್ ಬಿಟ್ಟು ಮಾತಾಡುವುದಿಲ್ಲ. ಹೈದರಾಬಾದಿನ ನಂಟು ನಮ್ಮ ಊರಿಗೆ ಹಳೆಯದು, ಹಾಗಾಗಿ ಅಜರುದ್ದೀನ್ ಹೆಸರು ಬಂದೇ ಬರುತ್ತದೆ. ಆಗ ಯಾರೋ ಒಬ್ಬರು 'ಆಟ ಬಿಡಪಾ, ಮನುಷ್ಯಾ ಹೆಂಗ?' ಎನ್ನುತ್ತಾರೆ. ಅಲ್ಲಿಂದ ಮಾತು ಬೇರೆ ದಾರಿ ಹಿಡಿಯುತ್ತದೆ.

ವಿಶ್ವನಾಥ್ ಅವರನ್ನೇ ನೋಡಿ. 1980ರ ಫೆಬ್ರುವರಿ, ಮುಂಬೈನಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವ ಟೆಸ್ಟ್, ನಾಯಕ ವಿಶ್ವನಾಥ್. ಇಂಗ್ಲೆಂಡಿನ ಐದು ವಿಕೆಟ್ ಬೇಗ ಬಿದ್ದಿದ್ದವು. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಎನಿಸಿ ವಿಶ್ವನಾಥ್ ಅವರನ್ನು ವಾಪಸ್ ಕರೆದರು. ಟೇಲರ್ ಬೋಥಮ್ ಜೊತೆ ನಿಂತು ಆಟ ತಿರುಗಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ಸೋಲು ಪುಸ್ತಕದಲ್ಲಿದೆ. ಆದರೆ ಜನ ಇವತ್ತಿಗೂ ನೆನೆಯುವುದು ಆ ಕರೆಯನ್ನು.

ಅಜರುದ್ದೀನ್ ಅವರದು ಇನ್ನೊಂದು ಕಥೆ. ಮೊದಲ ಮೂರು ಟೆಸ್ಟ್‌ಗಳಲ್ಲಿ ಮೂರು ಶತಕ. 99ನೇ ಟೆಸ್ಟ್ ಬೆಂಗಳೂರಿನಲ್ಲಿ, 2000ದ ಮಾರ್ಚ್‌ನಲ್ಲಿ, ಅಲ್ಲೂ 102. ಅದೇ ವರ್ಷ ಮ್ಯಾಚ್ ಫಿಕ್ಸಿಂಗ್ ಆರೋಪದ ಮೇಲೆ ಬಿಸಿಸಿಐ ಆಜೀವ ನಿಷೇಧ ಹೇರಿತು. 2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ನಿಷೇಧ ಕಾನೂನುಬಾಹಿರ ಎಂದಿತು. ನೂರನೇ ಟೆಸ್ಟ್ ಮಾತ್ರ ಆಡಲಾಗಲಿಲ್ಲ. ಈ ಹೆಸರು ಬಂದಾಗೆಲ್ಲ ನಮ್ಮ ಚಹಾದ ಮೇಜು ಎರಡು ಪಾಲಾಗುತ್ತದೆ. ಗಮನಿಸಬೇಕಾದದ್ದು ಒಂದು: ಇಷ್ಟೆಲ್ಲ ಆದರೂ ಅವರ 6,215 ಟೆಸ್ಟ್ ರನ್‌ಗಳಲ್ಲಿ ಒಂದನ್ನೂ ಯಾರೂ ಅಳಿಸಲಿಲ್ಲ.

ಇದೇ ಜಗಳ ಅಮೆರಿಕದಲ್ಲೂ ಇದೆ. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಬೇಸ್‌ಬಾಲ್ ಹಾಗೆ. ದೊಡ್ಡ ಆಟಗಾರರನ್ನು 'ಹಾಲ್ ಆಫ್ ಫೇಮ್' ಎಂಬ ಗೌರವದ ಪಟ್ಟಿಗೆ ಸೇರಿಸುತ್ತಾರೆ. ಮತ ಹಾಕುವವರು ಆಟದ ಜೊತೆಗೆ ಪ್ರಾಮಾಣಿಕತೆ, ಗುಣ ಎರಡನ್ನೂ ನೋಡಬೇಕೆಂದು ನಿಯಮವೇ ಇದೆ. ಪೀಟ್ ರೋಸ್ ಎಂಬವರು 4,256 ಹಿಟ್ ಹೊಡೆದವರು, ಅಲ್ಲಿ ಅದಕ್ಕಿಂತ ಹೆಚ್ಚು ಹೊಡೆದವರಿಲ್ಲ. ಆದರೆ ತಮ್ಮ ತಂಡದ ಪಂದ್ಯಗಳ ಮೇಲೇ ಬೆಟ್ಟಿಂಗ್ ಕಟ್ಟಿದ್ದಕ್ಕೆ 1989ರಲ್ಲಿ ಅವರನ್ನು ಆಟದಿಂದ ಹೊರಗಿಟ್ಟರು. 2024ರಲ್ಲಿ ಅವರು ತೀರಿಕೊಂಡರು. ನಿಷೇಧ ತೆಗೆದದ್ದು 2025ರಲ್ಲಿ. ಆದರೆ ಅಷ್ಟೂ ವರ್ಷ 4,256 ಎಂಬ ಅಂಕಿ ಪುಸ್ತಕದಲ್ಲೇ ಇತ್ತು. ಗೌರವಕ್ಕೆ ಬಾಗಿಲು ಮುಚ್ಚಿತ್ತು, ಲೆಕ್ಕಕ್ಕೆ ಮುಚ್ಚಿರಲಿಲ್ಲ.

ನಮಗೆ ಸರಿ ಕಾಣುವುದು ಈ ದಾರಿ. ರನ್ ಬೇರೆ, ಹಾರ ಬೇರೆ. ರನ್ ಹೊಡೆದವನದು, ಅದನ್ನು ಯಾವ ಕಮಿಟಿಯೂ ಕಿತ್ತುಕೊಳ್ಳುವಂತಿಲ್ಲ. ಹಾರ ಹಾಕುವಾಗ ಮಾತ್ರ ನಡತೆ ನೋಡೋಣ, ತಪ್ಪೇನಿಲ್ಲ. ಚಿಕ್ಕ ಹುಡುಗರು ಬೌಂಡರಿ ಗೆರೆಯ ಹತ್ತಿರ ಕೂತು ನೋಡುತ್ತಿರುತ್ತಾರೆ, ಹೊಡೆದವನಿಗೇ ಕಪ್ ಸಿಕ್ಕರೆ ನಾಳೆ ಅವರೂ ಹೊಡೆಯುತ್ತಾರೆ.

ಆದರೆ ನಡತೆ ಎಂದರೆ ಏನು? ನಮ್ಮಲ್ಲಿ ಗೊಂದಲ ಇರುವುದು ಇಲ್ಲಿ. ಒಬ್ಬ ಮಾತು ಕಡಿಮೆ ಆಡುತ್ತಾನೆ, ಒಬ್ಬ ಮೈದಾನದಲ್ಲಿ ಕೂಗಾಡುತ್ತಾನೆ. ಅದು ಸ್ವಭಾವ. ಅದನ್ನು ತಕ್ಕಡಿಗೆ ಹಾಕಬಾರದು. ಆಟಕ್ಕೆ ಮೋಸ ಮಾಡುವುದು, ಅಂಪೈರ್ ಮೇಲೆ ಕೈ ಮಾಡುವುದು ನಡತೆ. ಅದನ್ನು ಹಾಕಲೇಬೇಕು, ಮತ್ತು ಎಲ್ಲರಿಗೂ ಒಂದೇ ಅಳತೆಯಲ್ಲಿ. ದ್ರಾವಿಡ್ ಅವರಂಥ ಸಭ್ಯರಿಗೂ 2004ರಲ್ಲಿ ಬ್ರಿಸ್ಬೇನ್‌ನಲ್ಲಿ ಚೆಂಡಿಗೆ ಪೆಪ್ಪರ್‌ಮಿಂಟ್ ಉಜ್ಜಿದ್ದಕ್ಕೆ ಪಂದ್ಯದ ಸಂಭಾವನೆಯ ಅರ್ಧ ದಂಡ ಬಿತ್ತು. ಒಳ್ಳೆಯವರು ಎಂದು ಯಾರೂ ಬಿಡಲಿಲ್ಲ. ಆ ಒಂದು ದಂಡದಿಂದ ಅವರು ಕೆಟ್ಟವರೂ ಆಗಲಿಲ್ಲ.

ನಮ್ಮ ಊರುಗಳಲ್ಲಿ ತಕ್ಕಡಿಗೆ ಬೀಳುವುದು ಸ್ವಭಾವವೂ ಅಲ್ಲ, ನಡತೆಯೂ ಅಲ್ಲ. ಹುಡುಗ ಯಾವ ಓಣಿಯವನು ಎಂಬುದು. ದೊಡ್ಡ ಮನೆಯವನು ಹೊಡೆದರೆ ಗತ್ತು, ಕಾಲೊನಿಯವನು ಕೇಳಿದರೆ ಸೊಕ್ಕು.

ಇದು ಇವತ್ತಿನದಲ್ಲ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಎಡಗೈ ಸ್ಪಿನ್ ಬೌಲರ್, ದಲಿತರು. ಪುಣೆಯಲ್ಲಿ ಪಿಚ್ ನೋಡಿಕೊಳ್ಳುವ ಕೆಲಸದಿಂದ ಮೇಲೆ ಬಂದವರು. ತಮ್ಮ ತಂಡದವರೇ ಅವರಿಗೆ ಚಹಾವನ್ನು ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ ಕೊಡುತ್ತಿದ್ದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ 114 ವಿಕೆಟ್ ತೆಗೆದರು. ಆದರೂ ಹಿಂದೂಸ್ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ್ ನಾಯಕರಾದರು. ಬಾಳೂ ಎಂಥ ಬೌಲರ್ ಎಂದು ಇವತ್ತು ನಮಗೆ ತಿಳಿದಿರುವುದು ಯಾರೋ ಆ 114ನ್ನು ಸರಿಯಾಗಿ ಬರೆದಿಟ್ಟಿದ್ದಕ್ಕೆ. ಮಾನ್ವಿಯ ಎಲೆಯ ಮಾತು ಕೇಳಿದಾಗ ನಮಗೆ ನೆನಪಾದದ್ದು ಆ ಮಣ್ಣಿನ ಲೋಟ.

ಸದ್ದು ಮಾಡದವರನ್ನು ಮರೆಯುವುದೂ ನಮ್ಮ ಚಾಳಿ. ರಾಯಚೂರಿನಲ್ಲೇ ಹುಟ್ಟಿದ ಯರೇಗೌಡ ರೈಲ್ವೇಸ್ ಮತ್ತು ಕರ್ನಾಟಕದ ಪರ ಪ್ರಥಮ ದರ್ಜೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರನ್ ಗಳಿಸಿದವರು, ಕರ್ನಾಟಕದ ನಾಯಕರೂ ಆಗಿದ್ದವರು. ಭಾರತ ತಂಡದ ಕ್ಯಾಪ್ ಸಿಗಲಿಲ್ಲ. ನಮ್ಮ ಹಳ್ಳಿಯ ಎಷ್ಟು ಹುಡುಗರಿಗೆ ಅವರ ಹೆಸರು ಗೊತ್ತು? ಕೇಳಿ ನೋಡಿ.

ಟೂರ್ನಮೆಂಟ್ ಮಾಡುವ ಅಣ್ಣಂದಿರಲ್ಲಿ ನಮ್ಮ ಕೋರಿಕೆ ಇಷ್ಟು. ಬ್ಯಾಟ್ಸ್‌ಮನ್, ಬೌಲರ್ ಕಪ್‌ಗಳನ್ನು ಸ್ಕೋರ್ ಬುಕ್ ನೋಡಿ ಕೊಡಿ. ಶಿಸ್ತಿಗೆ ಬೇರೆ ಕಪ್ ಇಡಿ, ಅದನ್ನು ದುಡ್ಡು ಕೊಟ್ಟವರು ತೀರ್ಮಾನಿಸುವುದು ಬೇಡ, ಅಂಪೈರ್‌ಗಳು ಮತ್ತು ಎದುರಾಳಿ ನಾಯಕರು ತೀರ್ಮಾನಿಸಲಿ. ಅಂಪೈರ್‌ಗೆ ಹೊಡೆದವನನ್ನು ಪಂದ್ಯದಿಂದ ಹೊರಗೆ ಕಳಿಸಬೇಕೆಂದು ಕ್ರಿಕೆಟ್ ನಿಯಮದಲ್ಲೇ 2017ರಿಂದ ಇದೆ. ಅದನ್ನು ಮೊದಲ ದಿನವೇ ಮೈಕಿನಲ್ಲಿ ಓದಿ ಹೇಳಿ. ಆಮೇಲೆ ಯಾರ ಮಗ ಎಂದು ನೋಡಬೇಡಿ. ಊಟದ ಎಲೆ ಒಂದೇ ಸಾಲಿನಲ್ಲಿ ಹಾಕಿ.

ಇಷ್ಟು ಹೇಳಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ಕಪ್ ಕೊಡುವುದು ಕಮಿಟಿ, ಆದರೆ ಬರೆಯುವವರು ನಾವು. ಸ್ಕೋರ್ ಬುಕ್ ನಮ್ಮ ಕಣ್ಣ ಮುಂದೆಯೇ ಇತ್ತು. ಕೇಳಿ ತಿರುವಿ ಹಾಕಲು ಎರಡು ನಿಮಿಷ ಸಾಕಿತ್ತು. ನಾಳೆ ಮತ್ತೆ ಅದೇ ಊರಿಗೆ ಸುದ್ದಿಗೆ ಹೋಗಬೇಕು, ಯಾಕೆ ಬೇಕು ಎಂದು ಸುಮ್ಮನಾದೆವು. ಅದು ನಮ್ಮ ನಡತೆ, ಅದನ್ನೂ ತಕ್ಕಡಿಗೆ ಹಾಕಿ.

ಹುಡುಗನಿಗೆ ಮೊನ್ನೆ ಫೋನ್ ಮಾಡಿ ಹೀಗೆ ಬರೆಯುತ್ತೇವೆ ಎಂದೆವು. ಹೆಸರು ಬೇಡ ಎಂದ, ಊರಲ್ಲಿ ಇರಬೇಕಲ್ಲ. ರನ್ ಮಾತ್ರ ಬರೀರಿ ಎಂದ.

ಬರೆದಿದ್ದೇವೆ. ನಾಲ್ಕು ಪಂದ್ಯ, 187 ರನ್.