ಮಣ್ಣಿನ ಅತ್ತರು

ಅತ್ತರುಗಳಲ್ಲಿ ನನಗೆ ಪ್ರಿಯವಾದುದು ಗುಲಾಬಿಯದಲ್ಲ, ಮಲ್ಲಿಗೆಯದೂ ಅಲ್ಲ, ಮಣ್ಣಿನದು. ಸುಟ್ಟ ಜೇಡಿಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರೊಡನೆ ಕಾಯಿಸಿ, ಅದರ ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಶ್ರೀಗಂಧದೆಣ್ಣೆಗೆ ಇಳಿಸುವುದು ಉತ್ತರದ ಕನೌಜಿನ ಹಳೆಯ ಪದ್ಧತಿ. ಮೊದಲ ಮಳೆಯ ಕಂಪು ಹೀಗೆ ಸೀಸೆಯಲ್ಲಿ ಸೆರೆಯಾಗುವುದು.

ಅದನ್ನು ಆಘ್ರಾಣಿಸಿದೊಡನೆ ಮನಸ್ಸು ಆಗುಂಬೆಗೆ ಹೊರಡುವುದು. 1980ರ ದಶಕದಲ್ಲಿ ಶಂಕರನಾಗರು ಆ ಮಳೆಯೂರನ್ನೇ ಆರ್. ಕೆ. ನಾರಾಯಣರ ಮಾಲ್ಗುಡಿಯಾಗಿಸಿ ದೂರದರ್ಶನದಲ್ಲಿ ತೋರಿದರು. ನೆರೆಹೊರೆಯವರೊಡನೆ ನಡುಮನೆಯಲ್ಲಿ ಕುಳಿತು ನೋಡಿದೆವು. ಒಮ್ಮೆ ಅಲ್ಲಿಗೆ ಹೋಗಬೇಕೆಂದು ನಮ್ಮ ತಾಯಿಯವರು ಪ್ರತಿ ಮಳೆಗಾಲವೂ ಹೇಳುತ್ತಿದ್ದರು. ಮನೆಗೆಲಸ ಮುಗಿಯಲಿಲ್ಲ, ಅವರು ಹೋಗಲೂ ಇಲ್ಲ.

ವಾಚಕರೇ, ಕಂಪನ್ನು ಸೀಸೆಯಲ್ಲಿ ಕಾದಿಡಬಹುದು. ಹಿರಿಯರ ಆಸೆಯನ್ನು ಬರುವ ವರ್ಷಕ್ಕೆಂದು ಕಾದಿಡಲಾಗದು. ನಿಮ್ಮ ಮನೆಯಲ್ಲಿಯೂ ಅಂತಹ ಆಸೆಯೊಂದು ಉಂಟೇ ಎಂದು ಇಂದೇ ಕೇಳಿ ತಿಳಿಯಿರಿ.