ಹಿರಿಯರೂ ಹೊಸ ಲೆಕ್ಕವೂ

ಹಿರಿಯರಿಗೆ ಹೊಸದು ಒಗ್ಗುವುದಿಲ್ಲ ಎಂಬ ಮಾತು ನಮ್ಮ ಬಾಯಿಂದ ಆಗಾಗ ಹೊರಡುವುದುಂಟು. ಆ ಮಾತು ನ್ಯಾಯವಾದುದೇ ಎಂದು ನಾವು ಒಮ್ಮೆಯಾದರೂ ಆಲೋಚಿಸಬೇಕು.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ರೈತು ಬಜಾರಿಗೆ ಕನ್ನಡ ಮನೆಯ ಅಜ್ಜಿಯೊಬ್ಬರು ಬಂದರೆನ್ನೋಣ. ಅವರು ಈರುಳ್ಳಿಯನ್ನು ಉಲ್ಲಿಪಾಯವೆಂದೂ ಬದನೆಕಾಯಿಯನ್ನು ವಂಕಾಯವೆಂದೂ ಕೇಳುತ್ತಾರೆ. ತಕ್ಕಡಿಯ ಮೇಲೆ ಕಣ್ಣಿಟ್ಟು ತೂಕ ಹಾಕಿಸಿಕೊಳ್ಳುತ್ತಾರೆ. ಈ ತೆಲುಗನ್ನು ಅವರಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಆದರೆ ಹಣ ಕೊಡುವ ಹೊತ್ತಿಗೆ ಅವರು ಫೋನು ತೆಗೆದರೆ, ಪಕ್ಕದಲ್ಲಿರುವ ನಾವು, "ಕೊಡಜ್ಜಿ, ನಿನಗೆ ಗೊತ್ತಾಗುವುದಿಲ್ಲ" ಎಂದು ಅದನ್ನು ಕಸಿದುಕೊಳ್ಳುತ್ತೇವೆ. ಪರಭಾಷೆಯನ್ನೇ ಕಲಿತವರಿಗೆ ಇದು ಅಸಾಧ್ಯವೆ?

ನಮ್ಮ ಹಿರಿಯರು ಇದಕ್ಕಿಂತ ದೊಡ್ಡ ಬದಲಾವಣೆಯನ್ನು ಕಂಡವರು. 1957ನೆಯ ಇಸವಿ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದಿನಿಂದ ರೂಪಾಯಿಗೆ 100 ನಯೇ ಪೈಸೆ. ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಕೋಷ್ಟಕವಾಯಿತು. ಒಂದೊಂದೇ ಆಣೆಯಂತೆ ಮೂರು ಸಲ ಕೊಟ್ಟರೆ 18, ಒಮ್ಮೆಗೇ ಕೊಟ್ಟರೆ 19! ಈ ಗೊಂದಲ ತೀರುವ ಮೊದಲೇ, 1958ರ ಅಕ್ಟೋಬರಿನಿಂದ ಸೇರು ಮಣಗಳ ಸ್ಥಾನಕ್ಕೆ ಕಿಲೋಗ್ರಾಂ ಬರತೊಡಗಿತು. ಬಾಲ್ಯದಿಂದ ಬಾಯಿಪಾಠವಾಗಿದ್ದ ಲೆಕ್ಕವನ್ನು ಬಿಟ್ಟು ಎಲ್ಲರೂ ಹೊಸದನ್ನು ಕಲಿಯಬೇಕಾಯಿತು. ಕಲಿತರು.

ಅವರಿಂದ ಅದು ಸಾಧ್ಯವಾದುದು ಹೇಗೆ? ಹಳೆಯ ನಾಣ್ಯವೂ ಹೊಸ ನಾಣ್ಯವೂ ಕೆಲವು ವರ್ಷ ಜೊತೆಯಾಗಿಯೇ ಚಲಾವಣೆಯಲ್ಲಿದ್ದವು. ಕಲಿಯಲು ಅವರಿಗೆ ಕಾಲಾವಕಾಶ ದೊರೆಯಿತು. ಹಳೆಯದನ್ನು ಅವರು ಪೂರ್ತಿ ಬಿಸುಡಲೂ ಇಲ್ಲ; 50 ಪೈಸೆಗೆ ಎಂಟಾಣೆ ಎಂಬ ಹೆಸರೇ ಉಳಿಯಿತು. ಮುಖ್ಯವಾಗಿ, ಅವರು ತಮ್ಮ ಕೈಯಿಂದಲೇ ಎಣಿಸಿ, ತಪ್ಪಿ, ಮತ್ತೆ ಎಣಿಸಿ ಕಲಿತರು. ಶಾಲೆಯಲ್ಲಿ ಹೊಸ ಲೆಕ್ಕ ಕಲಿತ ಮಕ್ಕಳು ಮನೆಯಲ್ಲಿ ಹಿರಿಯರಿಗೆ ಅದನ್ನು ಹೇಳಿಕೊಟ್ಟಿರಲೂಬೇಕು. ಅಂದಿನ ಆ ಮಕ್ಕಳೇ ಇಂದಿನ ಅಜ್ಜ ಅಜ್ಜಿಯರು.

ಫೋನಿನ ಮೂಲಕ ಹಣ ಕಳುಹಿಸುವ ಯುಪಿಐ 2016ರಲ್ಲಿ ಬಂದಿತು. ಅದನ್ನು ಕಲಿಯಲು ಅವರಿಗೆ ಬುದ್ಧಿ ಸಾಲದೆಂದಲ್ಲ, ಕಲಿಸಲು ನಮಗೆ ತಾಳ್ಮೆ ಸಾಲದು. ನಾವೇ ಮಾಡಿಕೊಡುವುದು ಸಹಾಯದಂತೆ ತೋರುತ್ತದೆ. ವಾಸ್ತವವಾಗಿ ಅದು ಅವರನ್ನು ಪರಾಧೀನರನ್ನಾಗಿಸುತ್ತದೆ. ನಾವು ಮನೆಯಲ್ಲಿಲ್ಲದ ದಿನ ಔಷಧಿ ಕೊಳ್ಳಲೂ ಅವರು ನಮ್ಮ ದಾರಿ ಕಾಯಬೇಕಾದೀತು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಒತ್ತಬೇಕು ಎಂಬ ಒಂದು ಮಾತು ತಿಳಿದಿದ್ದರೆ ಅವರು ಎಷ್ಟೋ ಮೋಸಗಳಿಂದ ಪಾರಾಗಬಲ್ಲರು.

ಇದರಿಂದ ನಮಗೂ ಲಾಭವುಂಟು. ಚಿಲ್ಲರೆಯನ್ನು ಎರಡು ಸಲ ಎಣಿಸುವ ಅವರ ಅಭ್ಯಾಸವನ್ನು ಕಂಡು ನಾವು ನಗುತ್ತೇವೆ. ಎಷ್ಟು ಕೊಟ್ಟೆವೆಂಬುದನ್ನೇ ನೋಡದೆ ಗುಂಡಿ ಒತ್ತುವ ನಾವು ಕಲಿಯಬೇಕಾದುದು ಆ ಎಚ್ಚರವನ್ನೇ ಅಲ್ಲವೆ?

ಆದುದರಿಂದ ಮುಂದಿನ ಸಲ ಅಂಗಡಿಯಲ್ಲಿ ಫೋನನ್ನು ಅಜ್ಜಿಯ ಕೈಯಲ್ಲೇ ಬಿಡೋಣ. ಹಿಂದೆ ನಿಂತವರು ಸ್ವಲ್ಪ ಕಾಯಲಿ, ನಾವೂ ಕಾಯೋಣ. ನಮಗೆ ಮಗ್ಗಿ ಬರುವವರೆಗೆ ಅವರು ಕಾಯಲಿಲ್ಲವೆ?