ಥಾಯ್ಲೆಂಡಿನ ಹೊಸ ವರ್ಷ: ನೀರು ಎಲ್ಲರ ಮೇಲೆ, ರಜೆ ಕೆಲವರಿಗೆ

ಡಿಸೆಂಬರ್ 31ರ ರಾತ್ರಿ ಬ್ಯಾಂಕಾಕ್‌ನಲ್ಲಿ ಎರಡು ಥರದ ಜನಜಂಗುಳಿ ಸೇರುತ್ತದೆ. ಚಾವೊ ಫ್ರಾಯ ನದಿಯ ದಂಡೆಯಲ್ಲಿ, ಸೆಂಟ್ರಲ್‌ವರ್ಲ್ಡ್ ಮಾಲ್ ಮುಂದೆ ಪಟಾಕಿ, ಸಂಗೀತ, ಕೌಂಟ್‌ಡೌನ್. ಅದೇ ಹೊತ್ತಿಗೆ ಬೌದ್ಧ ದೇವಾಲಯಗಳ ಅಂಗಳದಲ್ಲಿ ಬಿಳಿ ಬಟ್ಟೆ ತೊಟ್ಟ ಜನ ಸಾಲಾಗಿ ಕೂತು, ಮಂತ್ರ ಪಠಣ ಮಾಡುತ್ತಲೇ ಹಳೇ ವರ್ಷದಿಂದ ಹೊಸ ವರ್ಷಕ್ಕೆ ದಾಟುತ್ತಾರೆ. ಮೊದಲನೆಯದು ವಿದೇಶಿಯರ ಹೊಸ ವರ್ಷ, ಎರಡನೆಯದು ಥಾಯ್ ಜನರದ್ದು ಅಂತ ಹೇಳಿ ಮುಗಿಸುವುದು ಸುಲಭ. ಆದರೆ ಕೌಂಟ್‌ಡೌನ್ ಗುಂಪಿನಲ್ಲಿ ಥಾಯ್ ಹುಡುಗ ಹುಡುಗಿಯರೂ ದಂಡಿಯಾಗಿರುತ್ತಾರೆ. ದೇವಾಲಯದ ಆ ಸಾಮೂಹಿಕ ಪಠಣ ಕೂಡ ಅನಾದಿ ಕಾಲದ ಸಂಪ್ರದಾಯವೇನಲ್ಲ. ಕುಡಿತದ ಪಾರ್ಟಿಗೆ ಪರ್ಯಾಯವಾಗಿ ದೇವಾಲಯಗಳೂ ಸರ್ಕಾರಿ ಸಂಸ್ಥೆಗಳೂ ಸೇರಿ ಈಚಿನ ದಶಕಗಳಲ್ಲಿ ಬೆಳೆಸಿದ ರೂಢಿ ಅದು.

'ಅವರ' ಹಬ್ಬ, 'ನಮ್ಮ' ಹಬ್ಬ ಎಂಬ ಗೆರೆ ಥಾಯ್ಲೆಂಡಿನಲ್ಲಿ ಯಾವತ್ತೂ ನೆಟ್ಟಗಿರಲಿಲ್ಲ. ಆ ಗೆರೆ ಎಳೆದವರು ಯಾರು, ಅದರಿಂದ ಯಾರಿಗೆ ಲಾಭ ಎಂಬುದೇ ಕೇಳಬೇಕಾದ ಪ್ರಶ್ನೆ.

ಒಂಬತ್ತೇ ತಿಂಗಳ ವರ್ಷ

ಥಾಯ್ ಜನರ ಹಳೇ ಹೊಸ ವರ್ಷ ಸೊಂಗ್‌ಕ್ರಾನ್. ಹೆಸರು ಕೇಳಿದರೇ ಗೊತ್ತಾಗುತ್ತದೆ, ಅದು ನಮ್ಮ ಸಂಕ್ರಾಂತಿಯೇ. ಆದರೆ ಮಕರ ಸಂಕ್ರಾಂತಿ ಅಲ್ಲ, ಏಪ್ರಿಲ್ ನಡುವಿನ ಮೇಷ ಸಂಕ್ರಾಂತಿ. ತುಳುನಾಡಿನಲ್ಲಿ ಬಿಸು ಕಣಿ ಇಟ್ಟು ಹಿರಿಯರ ಕಾಲಿಗೆ ಬೀಳುವ ದಿನಗಳಲ್ಲೇ ಥಾಯ್ ಮನೆಗಳಲ್ಲಿ ಹಿರಿಯರ ಅಂಗೈ ಮೇಲೆ ಪರಿಮಳದ ನೀರು ಹನಿಸಿ ಆಶೀರ್ವಾದ ಬೇಡುತ್ತಾರೆ. ಬುದ್ಧನ ಮೂರ್ತಿಗೆ ಸ್ನಾನ ಮಾಡಿಸುತ್ತಾರೆ, ದೇವಾಲಯದ ಅಂಗಳದಲ್ಲಿ ಮರಳಿನ ಸ್ತೂಪ ಕಟ್ಟುತ್ತಾರೆ.

ಆದರೆ ಸರ್ಕಾರದ ಕ್ಯಾಲೆಂಡರ್ ಈ ಹಬ್ಬದ ಜೊತೆ ನಿಲ್ಲಲಿಲ್ಲ. 1889ರಲ್ಲಿ ದೊರೆ ಚುಲಲಾಂಗ್‌ಕಾರ್ನ್ ಹೊಸ ವರ್ಷವನ್ನು ಏಪ್ರಿಲ್ 1ಕ್ಕೆ ಕಟ್ಟಿಹಾಕಿದ. ಆಮೇಲೆ ಬಂದ ಸೇನಾಧಿಕಾರಿ ಪ್ರಧಾನಿ ಫಿಬುನ್ ಸೊಂಗ್‌ಖ್ರಾಮ್ ಅದನ್ನು ಜನವರಿ 1ಕ್ಕೆ ತಂದರು. 1941ರ ಜನವರಿ 1ಕ್ಕೆ ಹೊಸ ವರ್ಷ ಶುರುವಾಗಬೇಕಿತ್ತಲ್ಲ, ಅದಕ್ಕಾಗಿ ಹಿಂದಿನ ಬೌದ್ಧ ವರ್ಷ 2483 ಡಿಸೆಂಬರ್‌ನಲ್ಲೇ ಮುಗಿದುಹೋಯಿತು. ಆ ವರ್ಷಕ್ಕೆ ಇದ್ದದ್ದು ಒಂಬತ್ತೇ ತಿಂಗಳು.

ಇಲ್ಲೊಂದು ತಮಾಷೆ ಇದೆ. ಜನವರಿ 1 ತಂದ ಫಿಬುನ್ ಪಕ್ಕಾ ರಾಷ್ಟ್ರವಾದಿ. ಜನ ಏನು ಉಡಬೇಕು, ದೇಶವನ್ನು ಯಾವ ಹೆಸರಿನಿಂದ ಕರೆಯಬೇಕು ಎಂದು ಆದೇಶದ ಮೇಲೆ ಆದೇಶ ಹೊರಡಿಸಿದವರು. 'ಸಯಾಮ್' ಹೋಗಿ 'ಥಾಯ್ಲೆಂಡ್' ಆದದ್ದು ಅವರ ಕಾಲದಲ್ಲೇ, 1939ರಲ್ಲಿ. ಅಂದರೆ 'ಪಾಶ್ಚಾತ್ಯ ಹೊಸ ವರ್ಷ'ವನ್ನು ಥಾಯ್ಲೆಂಡಿಗೆ ತಂದದ್ದು ಪ್ರವಾಸಿಗರಲ್ಲ, ಸ್ವದೇಶಿ ರಾಷ್ಟ್ರವಾದ. ಇಸವಿಯ ಲೆಕ್ಕ ಮಾತ್ರ ಬೌದ್ಧರದ್ದೇ ಉಳಿಯಿತು. 2024 ಅಲ್ಲಿ 2567.

ಹಬ್ಬದ ಬಟ್ಟಲೂ ದೇಶದ್ರೋಹ

ಅಧಿಕಾರಕ್ಕೆ ಕ್ಯಾಲೆಂಡರ್ ಮೇಲೆ ಮಾತ್ರ ಕಣ್ಣಲ್ಲ, ಹಬ್ಬದ ಮೇಲೂ ಇದೆ. ಹಿರಿಯರ ಕೈಗೆ ನೀರು ಹನಿಸುವ ಆಚರಣೆ ಮನೆಯೊಳಗೆ ಪ್ರೀತಿಯದ್ದು, ಹೊರಗೆ ಪಕ್ಕಾ ರಾಜಕೀಯದ್ದು. ದೊರೆಯ ಆಪ್ತ ಸಲಹೆಗಾರರಾಗಿದ್ದ ಜನರಲ್ ಪ್ರೇಮ್ ತಿನಸುಲನೊಂದ ಬದುಕಿದ್ದಾಗ ಸೇನಾ ಮುಖ್ಯಸ್ಥರು ಸೊಂಗ್‌ಕ್ರಾನ್‌ಗೆ ಅವರ ಮನೆಗೆ ಹೋಗಿ ಆಶೀರ್ವಾದ ಪಡೆಯುತ್ತಿದ್ದರು. ಯಾರು ಹೋದರು, ಪ್ರೇಮ್ ಏನಂದರು ಎಂಬುದನ್ನು ಪತ್ರಕರ್ತರು ರಾಜಕೀಯ ಹವಾಮಾನ ವರದಿಯಂತೆ ಓದುತ್ತಿದ್ದರು.

ಬೀದಿಯ ಕಥೆ ಇನ್ನೂ ಕಠೋರ. 2009ರ ಸೊಂಗ್‌ಕ್ರಾನ್ ದಿನವೇ ಬ್ಯಾಂಕಾಕ್‌ನಲ್ಲಿ ಸೇನೆ ಮತ್ತು ಕೆಂಪಂಗಿ ಪ್ರತಿಭಟನಾಕಾರರ ನಡುವೆ ಸಂಘರ್ಷ ನಡೆಯಿತು. ಮರುವರ್ಷ ಏಪ್ರಿಲ್ 10ರಂದು, ಹಬ್ಬಕ್ಕೆ ಮೂರೇ ದಿನ ಇರುವಾಗ, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಇದು ನಡೆದದ್ದು ಪ್ರವಾಸಿಗರು ನೀರಿನ ಪಿಸ್ತೂಲು ಹಿಡಿದು ಕುಣಿಯುವ ಖಾವೊ ಸಾನ್ ರಸ್ತೆಯ ಆಸುಪಾಸಿನಲ್ಲೇ.

2016ರಲ್ಲಿ, ಸೇನಾಡಳಿತದ ಕಾಲ. ನೀರು ಹನಿಸುವ ಕೆಂಪು ಬಣ್ಣದ ಬಟ್ಟಲು ಹಿಡಿದು ಫೋಟೊ ತೆಗೆಸಿಕೊಂಡ ಚಿಯಾಂಗ್ ಮಾಯ್ ಕಡೆಯ ಮಹಿಳೆಯೊಬ್ಬರ ಮೇಲೆ ದೇಶದ್ರೋಹದ ಕೇಸು ಬಿತ್ತು. ತಪ್ಪೇನು? ಬಟ್ಟಲಿನ ಮೇಲೆ ಪದಚ್ಯುತ ಪ್ರಧಾನಿ ಥಾಕ್ಸಿನ್ ಶಿನವಾತ್ರರ ಹಬ್ಬದ ಶುಭಾಶಯ ಇತ್ತು, ಅಷ್ಟೇ. ಅದೇ ಥಾಕ್ಸಿನ್ ಮಗಳು ಪೇಟೊಂಗ್‌ಟಾರ್ನ್ ಎಂಟು ವರ್ಷಗಳ ನಂತರ ದೇಶದ 'ಸಾಫ್ಟ್ ಪವರ್' ಸಮಿತಿಯ ಮುಂದಾಳು. 2023ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಸೊಂಗ್‌ಕ್ರಾನ್ ಅನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದ್ದೇ ತಡ, ಮೂರು ದಿನದ ಹಬ್ಬವನ್ನು 2024ರಲ್ಲಿ ಮೂರು ವಾರದ 'ಮಹಾ ಸೊಂಗ್‌ಕ್ರಾನ್' ಮಾಡಿದರು. ಗುರಿ ಗುಟ್ಟೇನಲ್ಲ: ಪ್ರವಾಸಿಗರನ್ನು ತರುವುದು, ಅವರ ದುಡ್ಡನ್ನು ತರುವುದು. ಸೇನೆ ಹಬ್ಬಕ್ಕೆ ಹೆದರಿತ್ತು, ಚುನಾಯಿತ ಸರ್ಕಾರ ಅದನ್ನು ಮಾರುಕಟ್ಟೆಗೆ ಇಟ್ಟಿತು.

ಯಾರು 'ವಿದೇಶಿ'?

ಪ್ರತಿವರ್ಷ ಏಪ್ರಿಲ್ ಬಂತೆಂದರೆ ಥಾಯ್ ಸಾಮಾಜಿಕ ಜಾಲತಾಣಗಳಲ್ಲಿ ಒಂದು ದೂರು ಮಾಮೂಲು: ವಿದೇಶಿಯರು ಬಂದು ನಮ್ಮ ಪವಿತ್ರ ಹಬ್ಬವನ್ನು ಕುಡುಕರ ನೀರಾಟ ಮಾಡಿದ್ದಾರೆ. ದೂರಿನಲ್ಲಿ ಸತ್ಯ ಇಲ್ಲ ಅಂತಲ್ಲ. ಆದರೆ ಇದೇ ಮಾತನ್ನು ಮುಂದಿಟ್ಟು ತಮ್ಮವರನ್ನು ಬಾಯಿ ಮುಚ್ಚಿಸುವುದೂ ನಡೆಯುತ್ತದೆ. 2018ರಲ್ಲಿ ಅಧಿಕಾರಿಗಳು, ಲೈಂಗಿಕ ಕಿರುಕುಳ ತಪ್ಪಿಸಬೇಕಾದರೆ ಹೆಣ್ಣುಮಕ್ಕಳು ಸೊಂಗ್‌ಕ್ರಾನ್‌ನಲ್ಲಿ ಮೈ ಕಾಣುವ ಬಟ್ಟೆ ಹಾಕಬಾರದು ಎಂದರು. ಮಾಡೆಲ್ ಸಿಂಡಿ ಸಿರಿನ್ಯಾ ಬಿಷಪ್ ಸಿಡಿದೆದ್ದರು. ಹದಿಹರೆಯದಲ್ಲಿ ತನ್ನ ಮೇಲೆ ಅದೇ ಹಬ್ಬದಲ್ಲಿ ನಡೆದ ಕಿರುಕುಳವನ್ನು ಬಿಚ್ಚಿಟ್ಟು, 'ಹೇಗೆ ಉಡಬೇಕೆಂದು ನನಗೆ ಹೇಳಬೇಡಿ' ಎಂಬ ಅಭಿಯಾನವನ್ನೇ ಕಟ್ಟಿದರು. ನಮಗೆ ಇದು ಹೊಸ ಕಥೆಯಲ್ಲ. 2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಘಟನೆಗಳ ನಂತರ ನಮ್ಮ ಆಗಿನ ಗೃಹ ಸಚಿವರು ಮಾತಾಡಿದ್ದೂ ಪಾಶ್ಚಾತ್ಯರ ಅನುಕರಣೆ ಮತ್ತು ಉಡುಪಿನ ಬಗ್ಗೆಯೇ.

ಅದಿರಲಿ, 'ವಿದೇಶಿ' ಅಂದಾಗ ಥಾಯ್ ಮನಸ್ಸಿಗೆ ಬರುವ ಪದ 'ಫರಂಗ್', ಅಂದರೆ ಬಿಳಿಯ. ನಮ್ಮ 'ಪರಂಗಿ'ಯ ಖಾಸಾ ದಾಯಾದಿ. (ನಮ್ಮಲ್ಲಿ ಪರಂಗಿ ಹಣ್ಣು ಪಪ್ಪಾಯ, ಅಲ್ಲಿ ಫರಂಗ್ ಅಂದರೆ ಸೀಬೆ!) ಈಗ ಆ ಗುಂಪಿಗೆ ಚೀನೀಯರು, ಮಲೇಷ್ಯಾದವರು, ನಾವೂ ಸೇರಿದ್ದೇವೆ. 2024ರಲ್ಲಿ ಥಾಯ್ಲೆಂಡಿಗೆ ಹೋದ ಭಾರತೀಯರು 20 ಲಕ್ಷಕ್ಕೂ ಹೆಚ್ಚು.

ಆದರೆ ಈ ಚಿತ್ರದಲ್ಲಿ ಕಾಣದ ವಿದೇಶಿಯರೂ ಇದ್ದಾರೆ: ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ನ ಕಾರ್ಮಿಕರು. ಲೆಕ್ಕಕ್ಕೆ ಸಿಕ್ಕವರೇ ಹತ್ತಾರು ಲಕ್ಷ. ವಿಚಿತ್ರ ನೋಡಿ, ಏಪ್ರಿಲ್ ನಡುವಿನ ಹೊಸ ವರ್ಷ ಇವರೆಲ್ಲರದ್ದೂ ಹೌದು. ಮ್ಯಾನ್ಮಾರ್‌ನಲ್ಲಿ ಅದು ತಿಂಜಾನ್, ಅಲ್ಲೂ ನೀರೆರಚಾಟವೇ. 'ಥಾಯ್ ಪರಂಪರೆ'ಯನ್ನು ಥಾಯ್ ಜನರಷ್ಟೇ ಸಹಜವಾಗಿ ಬಲ್ಲ ವಿದೇಶಿಯರು ಇವರೇ. ಆದರೂ ಪ್ರವಾಸೋದ್ಯಮದ ಪೋಸ್ಟರ್‌ನಲ್ಲಿ ಇವರ ಮುಖ ಹುಡುಕಿದರೂ ಸಿಗದು. 2020ರ ಡಿಸೆಂಬರ್‌ನಲ್ಲಿ ಸಮುತ್ ಸಾಖೋನ್‌ನ ಸೀಗಡಿ ಮಾರುಕಟ್ಟೆಯಲ್ಲಿ ಕೋವಿಡ್ ಹರಡಿದಾಗ ಬರ್ಮೀ ಕಾರ್ಮಿಕರ ವಸತಿಗೆ ಮುಳ್ಳುತಂತಿ ಸುತ್ತಿದರು. ರೋಗ ತಂದವರು ಇವರೇ ಎಂಬ ದ್ವೇಷವೂ ಹರಿದಾಡಿತು. 2021ರ ಜನವರಿ 1 ಅವರಿಗೆ ಬಂದದ್ದು ಆ ತಂತಿಯ ಒಳಗೆ. ಅದೇ ಏಪ್ರಿಲ್‌ಗೆ ಅವರ ಊರಿನಲ್ಲಿ ಸೇನಾ ದಂಗೆಯ ವಿರುದ್ಧ ಜನ ತಿಂಜಾನ್ ಸಂಭ್ರಮವನ್ನೇ ಬಹಿಷ್ಕರಿಸಿದ್ದರು.

ಊರಿಗೆ ಹೋಗುವ ಹಬ್ಬ

ಹಾಗಾದರೆ ಸಾಮಾನ್ಯ ಥಾಯ್ ಮಂದಿಗೆ ಸೊಂಗ್‌ಕ್ರಾನ್ ಅಂದರೇನು? ಒಂದೇ ಮಾತಲ್ಲಿ: ಊರಿಗೆ ಹೋಗೋದು. ಏಪ್ರಿಲ್ 13 ಅಲ್ಲಿ ಹಿರಿಯರ ದಿನ, 14 ಕುಟುಂಬ ದಿನ. ಈಶಾನ್ಯದ ಇಸಾನ್ ಪ್ರಾಂತ್ಯದಿಂದ ಬಂದು ಬ್ಯಾಂಕಾಕ್‌ನ ಟ್ಯಾಕ್ಸಿ ಓಡಿಸುವವರು, ಕಟ್ಟಡ ಕಟ್ಟುವವರು, ಮಸಾಜ್ ಅಂಗಡಿಯಲ್ಲಿ ದುಡಿಯುವವರು ಅಜ್ಜಿ ಹತ್ತಿರ ಬಿಟ್ಟುಬಂದ ಮಕ್ಕಳ ಮುಖ ನೋಡಲು ಹೊರಡುತ್ತಾರೆ. ಮೊ ಚಿತ್ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗ ಇರಲ್ಲ. ಪ್ರವಾಸಿಗರು ಬ್ಯಾಂಕಾಕ್‌ಗೆ ಬರುತ್ತಿರುವಾಗಲೇ ಅದನ್ನು ನಡೆಸುವ ಜನ ಅಲ್ಲಿಂದ ಹೊರಗೆ ಹೋಗುತ್ತಿರುತ್ತಾರೆ. ಹೋಗಲಾಗದವರು ಹೋಟೆಲಿನಲ್ಲಿ, ಬಾರಿನಲ್ಲಿ, ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುತ್ತಾರೆ.

ಆ ಪಯಣದ ಬೆಲೆಯನ್ನು ಸರ್ಕಾರವೇ ಎಣಿಸುತ್ತದೆ. ಜನವರಿ ಮತ್ತು ಏಪ್ರಿಲ್, ಎರಡೂ ಹೊಸ ವರ್ಷಗಳಿಗೆ 'ಅಪಾಯದ ಏಳು ದಿನಗಳು' ಎಂಬ ಲೆಕ್ಕ ಇದೆ. 2024 ಮತ್ತು 2025ರ ಸೊಂಗ್‌ಕ್ರಾನ್ ವಾರಗಳಲ್ಲಿ ರಸ್ತೆಯಲ್ಲಿ ಸತ್ತವರು ಪ್ರತಿ ಸಲವೂ 250ಕ್ಕಿಂತ ಹೆಚ್ಚು. ಬಹುಪಾಲು ಅಪಘಾತಗಳು ಬೈಕಿನವು. ಅತಿವೇಗ, ಕುಡಿತ ಕಾರಣ ಅಂತ ವರದಿ ಹೇಳುತ್ತದೆ. ಅದು ನಿಜವೇ, ಆದರೆ ವರ್ಷಕ್ಕೊಮ್ಮೆ ಸಿಗುವ ಮೂರು ದಿನದ ರಜೆಗೆ ಇಡೀ ದುಡಿಯುವ ವರ್ಗ ಒಂದೇ ರಾತ್ರಿ ರಸ್ತೆಗಿಳಿಯಬೇಕಾದ ಸ್ಥಿತಿಯೂ ಕಾರಣವೇ. ದುಡಿಮೆಯೆಲ್ಲ ಒಂದೇ ನಗರದಲ್ಲಿ ಕೇಂದ್ರೀಕೃತವಾದರೆ ಹಬ್ಬವೂ ಒಂದೇ ಹೆದ್ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಜನವರಿ 1 ಯಾರದ್ದು, ಸೊಂಗ್‌ಕ್ರಾನ್ ಯಾರದ್ದು ಎಂಬ ಜಗಳದಲ್ಲಿ ಹುರುಳು ಕಡಿಮೆ. ಥಾಯ್ ಜನ ಎರಡನ್ನೂ, ಜೊತೆಗೆ ಚೀನೀ ಹೊಸ ವರ್ಷವನ್ನೂ, ಯಾವ ತಕರಾರೂ ಇಲ್ಲದೆ ತಮ್ಮದು ಮಾಡಿಕೊಂಡಿದ್ದಾರೆ. ಗೆರೆ ಇರುವುದು ಬೇರೆ ಕಡೆ: ಒಬ್ಬರ ಹಬ್ಬ ನಡೆಯಲಿಕ್ಕೆ ಇನ್ನೊಬ್ಬರು ರಜೆ ಬಿಡಬೇಕಾದ ಕಡೆ. ನೀವು ಮುಂದಿನ ಏಪ್ರಿಲ್‌ಗೆ ಬ್ಯಾಂಕಾಕ್ ಟಿಕೆಟ್ ಬುಕ್ ಮಾಡಿದ್ದರೆ ಖಂಡಿತ ಹೋಗಿ, ಒದ್ದೆಯಾಗಿ ಬನ್ನಿ. ನಿಮ್ಮ ಪಿಸ್ತೂಲಿಗೆ ನೀರು ತುಂಬಿಸಿಕೊಡುವ ಅಂಗಡಿಯ ಹುಡುಗ ಯಾವ ಊರವನು, ಈ ಸಲವಾದರೂ ಊರಿಗೆ ಹೋಗುತ್ತಾನಾ ಎಂದು ಒಂದು ಮಾತು ಕೇಳಿ.